ಇಪ್ಪತ್ತನೆಯ ಪ್ರಯಾಣಿಕ

ಸಿಡ್ನಿಯಿಂದ ಮೆಲ್ಬರ್ನಿಗೆ ಹೋಗುವ ಹಗಲು ರೈಲಿನಲ್ಲಿ ಗುಣವತಿಯಮ್ಮ ಬಿಳಿಯರನ್ನು ಎಣಿಸುತ್ತ ಕುಳಿತಿದ್ದರು. ಬಾಗಿಲ ಕಡೆಯಿಂದ ಎಣಿಸಿದರೆ ಇಪ್ಪತ್ತನೆಯವನು ಟೋಪಿ ಹಾಕಿಕೊಂಡಿದ್ದ ಒಬ್ಬ ದಪ್ಪ ಮನುಷ್ಯ. ಅವನು ಮೊಟ್ಟೆಯ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಪಾಪ, ತನ್ನ ರಕ್ತದಲ್ಲಿ ಏನಿದೆ ಎಂದು ಅವನಿಗೆ ಗೊತ್ತೇ ಇಲ್ಲ ಎಂದು ಅಮ್ಮನಿಗೆ ಮರುಕ ಹುಟ್ಟಿತು. ಆಮೇಲೆ ಕಿಟಕಿಯ ಕಡೆಯಿಂದ ಎಣಿಸಿ ನೋಡಿದರು. ಈಗ ಇಪ್ಪತ್ತನೆಯವಳು ಉಲ್ಲನ್ ಹೆಣೆಯುತ್ತಿದ್ದ ಮುದುಕಿ. ಟೋಪಿಯವನು ಬದುಕಿಕೊಂಡ, ಮರುಕವನ್ನು ಮುದುಕಿಗೆ ವರ್ಗ ಮಾಡಿದರು.

ಈ ಎಣಿಕೆಗೆ ಕಾರಣ ಮಗ ಧನರಾಜ್. ಅವನಿಗೆ ಸಿಡ್ನಿಯ ನಾರ್ವೆಸ್ಟ್‌ನ ಒಂದು ಆಫೀಸಿನಲ್ಲಿ ಕೆಲಸ. ತಾಯಿ ಅವನ ಜೊತೆ ಟೂಂಗಾಬಿಯಲ್ಲಿ ಇದ್ದರು. ಒಂದು ಸಂಜೆ ಬಂದವನೇ ಸುದ್ದಿ ಹೇಳಿದ್ದ. ಮೆಲ್ಬರ್ನಿನಲ್ಲಿರುವ ತಂಗಿ ವಿಜೇತಾಳ ಮಗಳು ಸಾನ್ವಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ. ಮೊಡವೆಗೆಂದು ಡಾಕ್ಟರರು ಕೊಟ್ಟ ಹಾರ್ಮೋನ್ ಮಾತ್ರೆ ನುಂಗುತ್ತಿದ್ದಳು. ಅದರ ಮೇಲೆ ಗೆಳತಿಯರೊಡನೆ ಹತ್ತು ಗಂಟೆ ಕಾರಿನಲ್ಲಿ ಕೂತಳು. ಔಷಧ ಶುರುವಾಗಿದೆ, ಜೀವಕ್ಕೆ ಭಯವಿಲ್ಲ. ಆದರೆ ಪರೀಕ್ಷೆಯಲ್ಲಿ ‘ಫ್ಯಾಕ್ಟರ್ ಫೈವ್ ಲೈಡನ್’ ಎಂಬ ಜೀನ್ ಸಿಕ್ಕಿದೆ. ಅದಿದ್ದವರ ರಕ್ತ ಉಳಿದವರದಕ್ಕಿಂತ ಸ್ವಲ್ಪ ಸುಲಭವಾಗಿ ಹೆಪ್ಪುಗಟ್ಟುತ್ತದಂತೆ.

"ಗಾಬರಿ ಮಾಡಬೇಡ ಅಮ್ಮ," ಎಂದಿದ್ದ ಧನರಾಜ್. "ಈ ದೇಶದಲ್ಲಿ ಅದು ತುಂಬಾ ಕಾಮನ್. ಬಿಳಿಯರಲ್ಲಿ ಇಪ್ಪತ್ತು ಇಪ್ಪತ್ತೈದು ಜನಕ್ಕೆ ಒಬ್ಬರಿಗೆ ಇರ್ತದೆ. ನಮ್ಮವರಲ್ಲಿ ಕಡಿಮೆ. ನೂರರಲ್ಲಿ ಒಬ್ಬರೋ ಇಬ್ಬರೋ."

"ಬಿಳಿಯರದ್ದು ನಮ್ಮ ಹುಡುಗಿಗೆ ಎಂತಕ್ಕೆ ಬಂತು ಮಾರಾಯ?"

"ಅವಳ ಅಪ್ಪನಿಂದ ಬಂದಿರಬೇಕು, ಇಲ್ಲ ಅಮ್ಮನಿಂದ. ಅವರಿಗೆ ಅವರ ಅಪ್ಪ ಅಮ್ಮನಿಂದ."

ಆ ಮಾತು ಕೇಳಿದಾಗಿನಿಂದ ಗುಣವತಿಯಮ್ಮನ ಮನಸ್ಸಿನಲ್ಲಿ ಒಂದು ಆಸೆ ಹುಟ್ಟಿತ್ತು. ದೇವರ ದೀಪದ ಮುಂದೆ ಬಾಯಿಬಿಟ್ಟು ಹೇಳಲಾಗದಂಥ ಆಸೆ.

ಎರಡು ವರ್ಷದ ಹಿಂದೆ ಅವರೂ ಯಜಮಾನರು ಕರುಣಾಕರರೂ ಬೆಂಗಳೂರಿನಿಂದ ಸಿಡ್ನಿಗೆ ವಿಮಾನದಲ್ಲಿ ಬಂದಿದ್ದರು. ಕಿಟಕಿಯ ಬದಿಯಲ್ಲಿ ಯಜಮಾನರು, ನಡೆಯುವ ದಾರಿಯ ಬದಿಯಲ್ಲಿ ಈಕೆ. ಅವರಿಗೆ ಕೂತಲ್ಲಿ ಕೂರುವ ಅಭ್ಯಾಸವಿಲ್ಲ. "ಸ್ವಲ್ಪ ಎದ್ದುಕೊಳ್ತೀಯಾ ಗುಣ?" ಎಂದು ಮೂರು ಸಲ ಎಬ್ಬಿಸಿದರು. ಮೂರನೆಯ ಸಲ ಈಕೆ ಸಿಡುಕಿದರು: "ಈಗಷ್ಟೇ ನಿದ್ದೆ ಬಂದಿತ್ತು. ಎಷ್ಟು ಸಲ ಏಳ್ತೀರಿ? ಸುಮ್ಮನೆ ಕೂತ್ಕೊಳ್ಳಿ." ಕರುಣಾಕರರು ಮತ್ತೆ ಎಬ್ಬಿಸಲಿಲ್ಲ. ಏಳು ಗಂಟೆ ಹೊತ್ತು ಕಾಲು ಮಡಚಿ ಕೂತರು. ಸಿಡ್ನಿಗೆ ಬಂದ ನಾಲ್ಕನೆಯ ದಿನ ಸ್ನಾನಕ್ಕೆ ಹೊರಟವರು ಹಜಾರದಲ್ಲಿ ಕುಸಿದರು, ಮತ್ತೆ ಏಳಲಿಲ್ಲ. ಕಾಲಿನ ರಕ್ತದ ಗಡ್ಡೆ ಶ್ವಾಸಕೋಶಕ್ಕೆ ಹೋಗಿತ್ತು ಎಂದರು ಡಾಕ್ಟರರು. ವಿಮಾನದಲ್ಲಿ ನಡೆದ ಮಾತು ಈಕೆಗೂ ಉಡುಪಿಯ ಕೃಷ್ಣನಿಗೂ ಬಿಟ್ಟರೆ ಮತ್ತಾರಿಗೂ ತಿಳಿಯದು. ಅಂದಿನಿಂದ ಅಮ್ಮ ವಿಮಾನ ಹತ್ತಿಲ್ಲ. ಕೇಳಿದವರಿಗೆ ಕಿವಿ ನೋವು ಎನ್ನುತ್ತಾರೆ.

ಈಗ ಈ ಜೀನ್ ಬಂದಿತ್ತು. ಅದು ಕರುಣಾಕರರಿಂದ ವಿಜೇತಾಳಿಗೆ, ವಿಜೇತಾಳಿಂದ ಸಾನ್ವಿಗೆ ಬಂದದ್ದಾದರೆ, ಅವರ ಸಾವು ಹುಟ್ಟುವಾಗಲೇ ರಕ್ತದಲ್ಲಿ ಬರೆದದ್ದು; ಹೆಂಡತಿಯ ಸಿಡುಕಿನಿಂದ ಆದದ್ದಲ್ಲ. ತನ್ನಿಂದ ಬಂದದ್ದಾದರೆ ಅವರದು ಒಳ್ಳೆಯ ರಕ್ತ, ಹೆಪ್ಪುಗಟ್ಟಿಸಿದ್ದು ತಾನು. ಮೊಮ್ಮಗಳ ಕಾಯಿಲೆಯಲ್ಲಿ ತನ್ನ ಬಿಡುಗಡೆ ಹುಡುಕುವುದು ಎಂಥ ಬುದ್ಧಿ ಎಂದು ಅಮ್ಮ ತಮ್ಮನ್ನೇ ಬೈದುಕೊಂಡರು. ಬೈದುಕೊಂಡು, ಮತ್ತೆ ಬಾಗಿಲ ಕಡೆಯಿಂದ ಎಣಿಸಲು ಶುರು ಮಾಡಿದರು.

*

ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಮಗಳ ಮನೆಯ ಬಾಗಿಲಲ್ಲೇ ಬೀಗರು ಎದುರಾದರು. ಅಳಿಯ ಗೌರೀಶನ ತಂದೆ ಶಿವಪುತ್ರಪ್ಪನವರು ಧಾರವಾಡದಲ್ಲಿ ಮೂವತ್ತನಾಲ್ಕು ವರ್ಷ ಗಣಿತದ ಮಾಸ್ತರರಾಗಿದ್ದವರು. ಸೋಲುವುದು ಅವರ ಪಠ್ಯದಲ್ಲಿ ಇರಲಿಲ್ಲ.

"ಬರ್ರಿ ಬೀಗ್ತೇರ! ವಿಮಾನ ಬಿಟ್ಟು ಹನ್ನೊಂದು ತಾಸು ರೈಲಿನ್ಯಾಗ ಬಂದೀರಿ. ಈ ದೇಶದ ಕುರಿ ಎಲ್ಲಾ ಎಣಿಸಿ ಬಂದ್ರೇನು?"

"ಕುರಿ ಅಲ್ಲ ಬೀಗರೇ, ಬಿಳಿಯರನ್ನು. ನನ್ನ ಡಬ್ಬಿಯಲ್ಲಿ ಇಬ್ಬರು ಸಿಕ್ಕಿದರು."

"ಇಪ್ಪತ್ತರಾಗ ಒಬ್ಬ ಅಂದ್ರ ಪ್ರತಿ ಇಪ್ಪತ್ತನೇದವ ಅಂತಲ್ರಿ! ಅದು ಸರಾಸರಿ. ಒಂದು ಡಬ್ಬಿಯೊಳಗ ಒಬ್ಬನೂ ಇರಂಗಿಲ್ಲ, ಇನ್ನೊಂದರಾಗ ಐದು ಮಂದಿ ಇರಬಹುದು."

"ನಿಮ್ಮ ಸರಾಸರಿಗೆ ಮುಖ ಇಲ್ಲ. ನನ್ನ ಇಪ್ಪತ್ತನೆಯವನಿಗೆ ಟೋಪಿ ಆದರೂ ಉಂಟು," ಎಂದು ಅಮ್ಮ ಒಳಗೆ ನಡೆದರು.

ಸಾನ್ವಿ ಸೋಫಾದ ಮೇಲೆ ಕಾಲು ನೀಡಿಕೊಂಡು ಫೋನ್ ನೋಡುತ್ತಿದ್ದಳು. ಹತ್ತೊಂಬತ್ತು ವರ್ಷದ ಹುಡುಗಿ. ಮುಖದಲ್ಲಿ ಕಾಯಿಲೆಯ ಕಳೆಯಿರಲಿಲ್ಲ. ಅಜ್ಜಿ ಅವಳ ಹಣೆ ಸವರಿ, ಮೂಗಿನ ಮೇಲೆ ಬೆರಳಿಟ್ಟು, "ನನ್ನ ಅಮ್ಮನ ಮೂಗು, ಹಾಗೇ ಉಂಟು," ಎಂದರು.

ಹಳೆಯ ಜಗಳ ಅಲ್ಲಿಂದಲೇ ಎದ್ದಿತು. ತುಳುವರಲ್ಲಿ ಕುಲದ ಹೆಸರಿಗೆ ಬರಿ ಎನ್ನುತ್ತಾರೆ. ಬರಿ ಬರುವುದು ತಾಯಿಯಿಂದ. ಗುಣವತಿಯಮ್ಮನದು ಕರ್ಕೇರ ಬರಿ, ಆದ್ದರಿಂದ ವಿಜೇತಾಳದೂ ಕರ್ಕೇರ, ಸಾನ್ವಿಯದೂ ಕರ್ಕೇರ. ಶಿವಪುತ್ರಪ್ಪನವರ ಕಡೆ ಮನೆತನ ನಡೆಯುವುದು ತಂದೆಯಿಂದ. ಹುಡುಗಿ ಯಾರ ಮನೆಯವಳು ಎಂಬ ವಾದ ಅವಳ ತೊಟ್ಟಿಲ ಪಕ್ಕದಲ್ಲಿ ಶುರುವಾದದ್ದು, ಅವಳು ಕಾರು ಓಡಿಸಲು ಕಲಿತರೂ ಮುಗಿದಿರಲಿಲ್ಲ.

ಅಂದು ಮಾಸ್ತರರು ಕನ್ನಡಕ ಒರೆಸಿಕೊಂಡರು. ಅವರು ಕನ್ನಡಕ ಒರೆಸಿಕೊಂಡರೆ ಯಾರಿಗೋ ಕೇಡು.

"ಒಂದು ಮಾತು ಕೇಳ್ಲೇನ್ರಿ ಬೀಗ್ತೇರ? ಹತ್ತೊಂಬತ್ತು ವರ್ಷದಿಂದ ಈ ಕೂಸು ನಮ್ಮ ಬರೀದು, ನಮ್ಮ ಬರೀದು ಅನ್ಕೋತ ಬಂದೀರಿ. ಹಂಗಿದ್ರ ಈ ಜೀನೂ ನಿಮ್ಮ ಬರೀದ ಆತಲ್ರಿ? ಮೂಗು ನಿಮ್ದು, ಬಣ್ಣ ನಿಮ್ದು, ರಕ್ತದ ಗಡ್ಡಿ ಮಾತ್ರ ನಮ್ದೇನು?"

ಗುಣವತಿಯಮ್ಮ ಬಾವಿಗೆ ಬಿದ್ದಿದ್ದರು, ತಾವೇ ತೋಡಿದ ಬಾವಿ. ಆದರೆ ಕರಾವಳಿಯವರಿಗೆ ಈಜು ಬರುತ್ತದೆ.

"ಇದು ಬಿಳಿಯರಲ್ಲಿ ಹೆಚ್ಚಂತೆ ಬೀಗರೇ. ನಿಮ್ಮ ಅಜ್ಜಿಯ ತವರು ಬೆಳಗಾವಿ ಅಂತ ನೀವೇ ಹೇಳಿದ್ದಲ್ಲವಾ? ಅಲ್ಲಿ ಕ್ಯಾಂಪಿನಲ್ಲಿ ಬ್ರಿಟಿಷರ ದಂಡು ಇತ್ತಂತೆ. ನಾನೇನೂ ಹೇಳುವುದಿಲ್ಲಪ್ಪ."

"ಏನಂದ್ರೀ! ಲೈಡನ್ ಅಂದ್ರ ಡಚ್ಚರ ಊರ್ರಿ! ಡಚ್ಚರ ಹಡಗ ಧಾರವಾಡಕ್ಕ ಬರ್ತೇತೇನ್ರಿ? ಹಡಗ ನಿಲ್ಲೋ ಬಂದರು ಯಾರ ಕಡೆ ಐತಿ? ನಾನೂ ಏನೂ ಹೇಳಂಗಿಲ್ರಿ."

"ಅಪ್ಪಾಜಿ, ಆ ಊರಿನಲ್ಲಿ ಕಂಡುಹಿಡಿದ್ರು ಅಂತ ಆ ಹೆಸರು, ಅಷ್ಟೇ," ಎಂದ ಗೌರೀಶ ಅಡಿಗೆಮನೆಯಿಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಾನ್ವಿ ದಿಂಬಿನಲ್ಲಿ ಮುಖ ಮುಚ್ಚಿ ನಗುತ್ತಿದ್ದಳು. "ಓ ಮೈ ಗಾಡ್, ಯೂ ಟೂ! ಇಟ್ಸ್ ಮೈ ಲೆಗ್!"

ಶಿವಪುತ್ರಪ್ಪನವರ ಹೆಂಡತಿ ರತ್ನವ್ವ ಹಾಲಿನ ಲೋಟ ತಂದು ಇಬ್ಬರ ನಡುವೆ ನಿಂತರು. "ಅಯ್ಯ, ಕೂಸಿಗೆ ಹಾಲ ಕೊಡ್ಬೇಕಂತ ಬಂದ್ರ ನಡುಮನ್ಯಾಗ ಹಡಗ ತಂದು ನಿಲ್ಲಿಸ್ಯಾರ. ಸರೀರಿ ಅತ್ತಾಗ."

*

ಗೌರೀಶನೂ ವಿಜೇತಾಳೂ ಅದಾಗಲೇ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದರು. ಫಲಿತಾಂಶ ಹೇಳುವ ದಿನ ಎರಡೂ ಮನೆಗಳ ಮೂರು ತಲೆಮಾರು ಬರೆದುಕೊಂಡು ಬರಬೇಕೆಂದು ಕ್ಲಿನಿಕ್‌ನವರು ದೊಡ್ಡ ಹಾಳೆ ಕಳಿಸಿದ್ದರು. ಯಾರು ಯಾರಿಗೆ ಹುಟ್ಟಿದರು, ಯಾರು ಹೇಗೆ ತೀರಿಕೊಂಡರು, ಕಾಲು ಊದಿತ್ತೇ, ಉಸಿರು ಕಟ್ಟಿತ್ತೇ, ದೂರ ಪ್ರಯಾಣ ಮಾಡಿದ್ದರೇ, ಎಲ್ಲ ಬೇಕಂತೆ.

ಊಟದ ಮೇಜಿನ ಎರಡು ತುದಿಯಲ್ಲಿ ಬೀಗರಿಬ್ಬರೂ ಪರೀಕ್ಷೆಗೆ ಕೂತವರಂತೆ ಕೂತರು. ಮಾಸ್ತರರು ಸ್ಕೇಲ್ ತರಿಸಿದರು. ಗುಣವತಿಯಮ್ಮ ದೇವರಿಗೊಮ್ಮೆ ಕೈಮುಗಿದು, ಬರೆಯುವಾಗ ಎಡಗೈ ಅಡ್ಡ ಇಟ್ಟುಕೊಂಡರು.

"ಕಾಪಿ ಹೊಡ್ಯಾಕ ನಿಮ್ಮ ಹಾಳ್ಯಾಗ ಏನ್ ಐತ್ರಿ?" ಎಂದರು ಮಾಸ್ತರರು.

"ಮೀನು ಉಂಟು. ಮುಟ್ಟಿದರೆ ನಿಮ್ಮ ಲಿಂಗಪೂಜೆ ಕೆಡ್ತದೆ."

ಅಮ್ಮ ಸರಾಗವಾಗಿ ಬರೆದರು. ತಾಯಿ, ತಾಯಿಯ ತಾಯಿ, ಸೋದರಮಾವಂದಿರು, ಚಿಕ್ಕಮ್ಮಂದಿರು, ಅವರ ಹೆಣ್ಣುಮಕ್ಕಳು. ವಿಜೇತಾಳ ಹೆಸರು ಬರೆದು ಅವಳಿಂದ ಮೇಲಕ್ಕೆ ಗೆರೆ ಎಳೆಯುವಾಗ ಪೆನ್ನು ನಿಂತಿತು. ರೈಲಿನಲ್ಲಿ ಹಾಕಿಕೊಂಡು ಬಂದಿದ್ದ ಲೆಕ್ಕ ನೆನಪಿತ್ತು. ಜೀನ್ ಕರುಣಾಕರರದ್ದೇ ಆದರೆ ಒಂದೇ ಕಲ್ಲಿಗೆ ಎರಡು ಕಾಯಿ. ಅವರು ಅಮೀನ್ ಬರಿಯವರು, ಕರ್ಕೇರರಿಗೆ ಮಸಿಯಿಲ್ಲ, ಬೀಗರ ಬಾಯಿ ಮುಚ್ಚುತ್ತದೆ. ಎದೆಯ ಭಾರವೂ ಇಳಿಯುತ್ತದೆ. ಆದರೆ ‘ದೂರ ಪ್ರಯಾಣ ಮಾಡಿದ್ದರೇ’ ಎಂಬ ಸಾಲಿನ ಎದುರು ಕೈ ಏಳಲಿಲ್ಲ. ಹೌದು ಎಂದು ಬರೆದರೆ ಹೇಗೆ ಕೂತಿದ್ದರು ಎಂದು ಕೇಳುತ್ತಾರೆ. ಅಮ್ಮ ಹಾಳೆ ಮಡಚಿದರು.

*

ಕ್ಲಿನಿಕ್‌ನಲ್ಲಿ ಮೂವರು ಹಿರಿಯರನ್ನೂ ಗೌರೀಶ, ವಿಜೇತಾರನ್ನೂ ಎದುರು ಕೂರಿಸಿಕೊಂಡವಳು ಸಂಯುಕ್ತಾ ಎಂಬ ಹುಡುಗಿ. ಮನೆತನದಲ್ಲಿ ಬರುವ ಕಾಯಿಲೆಗಳ ವಿಷಯ ತಿಳಿಸಿ ಹೇಳುವುದು ಅವಳ ಕೆಲಸ. ತಾಯಿತಂದೆ ಬೆಂಗಳೂರಿನವರಂತೆ, ಅವಳ ಕನ್ನಡ ಕುಂಟುತ್ತಿದ್ದರೂ ಬೀಳುತ್ತಿರಲಿಲ್ಲ. ಎರಡು ಹಾಳೆಗಳನ್ನೂ ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದಳು. ತುಟಿ ಕಚ್ಚಿ ನಗು ತಡೆದದ್ದು ಎಲ್ಲರಿಗೂ ಕಂಡಿತು.

"ಅಜ್ಜಿ, ನಿಮ್ಮ ಟ್ರೀಯಲ್ಲಿ ಗಂಡಂದಿರು ಯಾರೂ ಇಲ್ಲ. ಐದು ಜನ ಹೆಂಗಸರಿಗೆ ಹದಿನೇಳು ಮಕ್ಕಳು, ಫಾದರ್ಸ್ ಜೀರೋ."

"ನಮ್ಮ ಬರಿಯವರಲ್ಲ ಮಗಾ ಅವರು. ಬಂದು ಹೋಗುವವರು."

"ತಾತ, ನಿಮ್ಮದರಲ್ಲಿ ಹೆಂಗಸರೇ ಇಲ್ಲ! ಮಡಿವಾಳಪ್ಪ ಅವರ ಮಗ ಸಿದ್ದಣ್ಣ, ಸಿದ್ದಣ್ಣನ ಮಗ ನೀವು, ನಿಮ್ಮ ಮಗ ಗೌರೀಶ. ನಿಮ್ಮ ಮನೆಯಲ್ಲಿ ಗಂಡಸರೇ ಹಡೀತಿದ್ರಾ?"

ರತ್ನವ್ವ ಸೆರಗಿನಲ್ಲಿ ನಕ್ಕರು. "ಚಲೋ ಕೇಳಿದಿ ನೋಡವ್ವ. ಐವತ್ತು ವರ್ಷ ರೊಟ್ಟಿ ಬಡದ್ರೂ ನಾ ಆ ಹಾಳ್ಯಾಗ ಇಲ್ಲ."

ಸಂಯುಕ್ತಾ ಎರಡು ಹಾಳೆಗಳನ್ನೂ ಅಕ್ಕಪಕ್ಕ ಜೋಡಿಸಿದಳು. "ಎರಡೂ ಅರ್ಧರ್ಧ ಮರ. ಜೀನ್‌ಗೆ ಇದೆಲ್ಲ ಗೊತ್ತಿಲ್ಲ. ಗಂಡಸರಿಂದಲೂ ಬರುತ್ತೆ, ಹೆಂಗಸರಿಂದಲೂ ಬರುತ್ತೆ." ಆಮೇಲೆ ಮೆಲ್ಲಗೆ ಕೇಳಿದಳು: "ಅಜ್ಜಿ, ವಿಜೇತಾ ಅವರ ತಂದೆ ಎಲ್ಲಿ? ಕ್ಲಾಟ್‌ನಿಂದಲೇ ಹೋದರು ಅಂತ ಫೈಲಲ್ಲಿದೆ. ಅವರೇ ಮುಖ್ಯ ಅಲ್ವಾ?"

ಗುಣವತಿಯಮ್ಮ ಕರ್ಕೇರ ಬರಿಯ ಮಾತು ಮತ್ತೊಮ್ಮೆ ಎತ್ತಬಹುದಿತ್ತು. ಬಾಯಿ ತೆರೆದರು, ಬಂದದ್ದು ಬೇರೆ ಮಾತು.

"ನಾನು ಏಳಬೇಡಿ ಅಂದೆ," ಎಂದರು. "ವಿಮಾನದಲ್ಲಿ. ನನಗೆ ನಿದ್ದೆ ಬಂದಿತ್ತು. ಸುಮ್ಮನೆ ಕೂತ್ಕೊಳ್ಳಿ ಅಂದೆ. ಅವರು ಕೂತರು."

ವಿಜೇತಾ ಕುರ್ಚಿ ಎಳೆದುಕೊಂಡು ಬಂದು ತಾಯಿಯ ಕೈ ಹಿಡಿದಳು. "ಅಮ್ಮಾ, ಎರಡು ವರ್ಷದಿಂದ ಇದನ್ನು ಇಟ್ಕೊಂಡಿದ್ದೀಯಾ?"

ಆಗ ಯಾರೂ ನೆನೆಸದ ಕಡೆಯಿಂದ ಧ್ವನಿ ಬಂತು. ಶಿವಪುತ್ರಪ್ಪನವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು, ಒರೆಸುತ್ತಿರಲಿಲ್ಲ.

"ನಾನೂ ಈ ಹಾಳ್ಯಾಗ ಒಬ್ಬಾಕಿನ್ನ ಬಿಟ್ಟೇನ್ರಿ. ನಮ್ಮಕ್ಕ ಬಸಲಿಂಗವ್ವ. ಹಡೆದ ನಾಲ್ಕನೇ ದಿನಕ್ಕ ಹೋದ್ಲು. ಒಂದು ಕಾಲು ಬಾತಿತ್ತು. ಬಾಣಂತಿಗಿ ಗಾಳಿ ಬಡದೈತಿ ಅಂದ್ರು ಎಲ್ಲಾರೂ. ಹೆಣ್ಣುಮಗಳು, ಕೊಟ್ಟ ಮನೀಗಿ ಸೇರಿದಾಕಿ ಅಂತ ಬರೀಲಿಲ್ಲ. ಸುಳ್ಳು ಯಾಕ್ರಿ, ಆಕೀ ಹೆಸರು ಬರೀಲಾಕ ನನಗೂ ಕೈ ಬರಲಿಲ್ಲ."

ಸಂಯುಕ್ತಾ ಪೆನ್ನು ತೆಗೆದು, ಒಂದು ಹಾಳೆಯಲ್ಲಿ ಕರುಣಾಕರ ಎಂದೂ ಇನ್ನೊಂದರಲ್ಲಿ ಬಸಲಿಂಗವ್ವ ಎಂದೂ ಬರೆದಳು. ಆಮೇಲೆ ಲಕೋಟೆ ಬಿಚ್ಚಿದಳು.

ವಿಜೇತಾಳಲ್ಲಿ ಆ ಜೀನ್ ಇರಲಿಲ್ಲ. ಗೌರೀಶನಲ್ಲಿ ಇತ್ತು.

ಗುಣವತಿಯಮ್ಮ ಗೆದ್ದಿದ್ದರು. ಕರ್ಕೇರ ಬರಿ ಹಾಲಿನಂತೆ ನಿರ್ಮಲ. ಆದರೆ ಅವರು ಕರುಣಾಕರ ಎಂದು ಬರೆದಿದ್ದ ಹಾಳೆಯನ್ನು ಹತ್ತಿರ ಎಳೆದುಕೊಂಡರು.

"ಹಾಗಾದರೆ ನನ್ನ ಯಜಮಾನರಲ್ಲಿ ಇದು ಇರಲಿಲ್ಲವಾ ಮಗಾ?"

"ಗೊತ್ತಾಗಲ್ಲ ಅಜ್ಜಿ. ಇದ್ದಿದ್ದರೂ ಮಗಳಿಗೆ ಬರದೆ ಇರಬಹುದು. ಆದರೆ ಒಂದು ಮಾತು. ಈ ದೇಶದಲ್ಲಿ ಇದು ಲಕ್ಷಾಂತರ ಜನಕ್ಕೆ ಇದೆ, ಹೆಚ್ಚಿನವರಿಗೆ ಜೀವನ ಪೂರ್ತಿ ಏನೂ ಆಗಲ್ಲ. ಇದು ಇಲ್ಲದ ಎಷ್ಟೋ ಜನಕ್ಕೆ ಕ್ಲಾಟ್ ಆಗುತ್ತೆ. ವಯಸ್ಸು ಇರುತ್ತೆ, ಕೂತಿದ್ದು ಇರುತ್ತೆ, ಇನ್ನೂ ಏನೇನೋ ಇರುತ್ತೆ. ನಿನ್ನಿಂದಲೇ ಆಯ್ತು ಅಂತ ಒಬ್ಬರ ತಲೆ ಮೇಲೆ ಹಾಕೋ ಟೆಸ್ಟ್ ಯಾವುದೂ ಇಲ್ಲ."

"ನಿನ್ನಿಂದ ಅಲ್ಲ ಅಂತ ಹೇಳುವ ಟೆಸ್ಟ್?"

"ಅದೂ ಇಲ್ಲ ಅಜ್ಜಿ."

ಗುಣವತಿಯಮ್ಮ ತಲೆಯಾಡಿಸಿದರು. ಕಾಗದದಲ್ಲಿ ಸಿಗುವುದೆಂದು ಆಸೆಪಟ್ಟದ್ದು ಕಾಗದದಲ್ಲಿ ಇರಲಿಲ್ಲ. ಅದು ದೇವರ ಬಳಿಯಲ್ಲಿ ಇದ್ದರೆ ಇರಲಿ, ಕೇಳುವ ದಿನ ಕೇಳಿಕೊಂಡರಾಯಿತು. ಎರಡು ವರ್ಷ ಒಬ್ಬರೇ ಹೊತ್ತ ಮಾತು ಈಗ ಆರು ಜನರ ನಡುವೆ ಮೇಜಿನ ಮೇಲಿತ್ತು. ಅಷ್ಟರ ಮಟ್ಟಿಗೆ ಹಗುರ.

ಶಿವಪುತ್ರಪ್ಪನವರು ಹೊರಗೆ ಬಂದವರೇ ಹುಬ್ಬಳ್ಳಿಗೆ ಫೋನ್ ಹಚ್ಚಿದರು. ಅಲ್ಲಿ ಮಗಳು ಮಹಾಶ್ವೇತಾ ಆರು ತಿಂಗಳ ಬಸುರಿ. "ಇವತ್ತ ಡಾಕ್ಟರ್ ಕಡೆ ಹೋಗು, ಅಣ್ಣನ ಟೆಸ್ಟಿನ ವಿಷಯ ಹೇಳು, ನಿಮ್ಮ ಸ್ವಾದರತ್ತಿ ಹೆಂಗ ಹೋದ್ಲು ಅನ್ನೋದೂ ಹೇಳು," ಎಂದು ಮೂರು ಸಲ ಹೇಳಿದರು. ಮೂರನೆಯ ಸಲ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಗುಣವತಿಯಮ್ಮ ಬೇಕೆಂದೇ ಬೇರೆ ಕಡೆ ತಿರುಗಿ ನಿಂತು ಕಾರುಗಳನ್ನು ಎಣಿಸಿದರು.

*

ಒಂದು ವಾರದಲ್ಲಿ ಮಾಸ್ತರರ ಸ್ವಂತ ಪರೀಕ್ಷೆಯ ಫಲವೂ ಬಂತು. ಅವರಲ್ಲಿ ಆ ಜೀನ್ ಇತ್ತು. ಮುಖ ಸಣ್ಣದು ಮಾಡಿಕೊಳ್ಳುತ್ತಾರೆ, ತಾವು ಹೆಚ್ಚು ಹಂಗಿಸಬಾರದು ಎಂದು ಗುಣವತಿಯಮ್ಮ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಆದರೆ ಮಾಸ್ತರರು ಆ ಕಾಗದವನ್ನು ಬಾವುಟದಂತೆ ಹಿಡಿದುಕೊಂಡು ಬಂದರು.

"ನೋಡ್ರಿ ಬೀಗ್ತೇರ, ನೋಡ್ರಿ! ಹತ್ತೊಂಬತ್ತು ವರ್ಷ ನಿಮ್ಮ ಬರಿ ನಿಮ್ಮ ಬರಿ ಅಂದ್ರಿ. ಈಗ ಲ್ಯಾಬಿನವರ ಬರದು ಕೊಟ್ಟಾರ. ನನ್ನಿಂದ ಗೌರೀಶಗ, ಗೌರೀಶನಿಂದ ಸಾನ್ವಿಗ. ಕೂಸು ನಮ್ದು! ಮೂಗಿಗೆ ಕಾಗದ ಐತೇನ್ರಿ ನಿಮ್ಮ ಹತ್ರ?"

ಗುಣವತಿಯಮ್ಮ ಬೆರಗಾದರು. ಈ ಮನುಷ್ಯ ಸೋಲನ್ನೂ ಮಗ್ಗುಲು ಬದಲಿಸಿ ಗೆಲುವು ಮಾಡುತ್ತಾನಲ್ಲ! ಆಮೇಲೆ ಎರಡು ವರ್ಷದಲ್ಲಿ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕರು.

*

ಕರುಣಾಕರರ ಎರಡನೆಯ ವರ್ಷದ ದಿನ ಹತ್ತಿರ ಬಂದಿತ್ತು. ತೀರಿಹೋದವರಿಗೆ ಎಲೆ ಹಾಕಿ ಬಡಿಸಲು ಗುಣವತಿಯಮ್ಮ ಸಿಡ್ನಿಗೆ ಹೊರಟರು. ಮಾಸ್ತರರೂ ರತ್ನವ್ವನೂ ಜೊತೆಗೆ ಹೊರಟರು.

"ಬಸಲಿಂಗವ್ವನಿಗೂ ಒಂದು ಎಲೆ ಹಾಕ್ತೇನೆ," ಎಂದರು ಅಮ್ಮ ಸ್ಟೇಷನ್ನಿನಲ್ಲಿ. "ನಮ್ಮ ಬರಿಯವಳಲ್ಲ. ಆದರೂ ಹಾಕ್ತೇನೆ."

"ಆಕಿ ರೊಟ್ಟಿ ತಿನ್ನಾಕಿ. ನಿಮ್ಮ ಕುಚ್ಚಲಕ್ಕಿ ಮೂಸಿ ಸೈತ ನೋಡಂಗಿಲ್ಲ."

"ಅದಕ್ಕೇ ನಿಮ್ಮ ರತ್ನವ್ವನನ್ನು ಕರ್ಕೊಂಡು ಹೋಗುವುದು. ನಿಮ್ಮನ್ನು ಯಾರು ಕರೆದರು?"

ರೈಲಿನಲ್ಲಿ ರತ್ನವ್ವ ಆಚೆ ಸಾಲಿನಲ್ಲಿ ಕೂತರು. ಕಿಟಕಿಯ ಬದಿ ಬೇಕೇ ಬೇಕೆಂದು ಮಾಸ್ತರರು ಹಟ ಹಿಡಿದರು. ದಾರಿಯ ಬದಿಯ ಸೀಟು ಗುಣವತಿಯಮ್ಮನಿಗೆ ಬಂತು. ಅದನ್ನು ಕಂಡು ಅವರು ಒಂದು ಗಳಿಗೆ ನಿಂತರು. ಆಮೇಲೆ ಕೃಷ್ಣನ ಹೆಸರು ಹೇಳಿ ಕೂತರು.

ಒಂದು ಗಂಟೆ ಕಳೆಯಿತು. ಹೊರಗೆ ಒಣಗಿದ ಬಯಲು, ಅಲ್ಲಲ್ಲಿ ಕುರಿ. ಮಾಸ್ತರರ ತಲೆ ಗಾಜಿಗೆ ಒರಗಿ ಗೊರಕೆ ಶುರುವಾಗಿತ್ತು. ಗುಣವತಿಯಮ್ಮ ಎದ್ದು ನಿಂತು, ಅವರ ಕುರ್ಚಿಯ ಕೈಯನ್ನು ಬಡಿದರು.

"ಏಳಿ ಬೀಗರೇ. ಗಂಟೆ ಆಯಿತು. ಆ ತುದಿಯವರೆಗೆ ನಡೆದು ಬನ್ನಿ."

"ಈಗಷ್ಟ ನಿದ್ದಿ ಬಂದಿತ್ರೀ! ಮನೀಗಿ ಹೋಗಿ ನಡದ್ರಾತು."

"ನಿದ್ದೆಯನ್ನು ಮನೆಗೆ ಹೋಗಿ ಮಾಡಿ. ಈಗ ಏಳಿ. ಸಂಜೆಯವರೆಗೆ ಹತ್ತು ಸಲ ಎಬ್ಬಿಸ್ತೇನೆ. ಬೇಕಾದರೆ ಹನ್ನೊಂದು ಸಲ."

"ಅಲ್ರಿ, ಇಷ್ಟು ಮಂದಿ ಕುಂತಾರ. ನನಗೊಬ್ಬಗ ಯಾಕ್ರಿ?"

ಗುಣವತಿಯಮ್ಮ ಡಬ್ಬಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿದರು. ಹಸಿರು ಕೋಟಿನ ಹೆಂಗಸಿನಿಂದ ಶುರು ಮಾಡಿ ಬೆರಳು ತೋರಿಸುತ್ತ ಎಣಿಸಿದರು. ನಡುವೆ ಎರಡು ಸೀಟು ಹಾರಿಸಿದರು, ಒಂದು ಮಗುವನ್ನು ಎರಡು ಸಲ ಎಣಿಸಿದರು. ಬೆರಳು ಬಂದು ಮಾಸ್ತರರ ಎದೆಯ ಎದುರು ನಿಂತಿತು.

"ಇಪ್ಪತ್ತು," ಎಂದರು.

"ಇದು ಮೋಸದ ಎಣಿಕಿ!" ಎನ್ನುತ್ತ ಗಣಿತದ ಮಾಸ್ತರರು ಎದ್ದರು. ಗುಣವತಿಯಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವರು ಗೊಣಗುತ್ತ ಬಾಗಿಲವರೆಗೆ ಹೋಗಿ ತಿರುಗಿ ಬರುವ ತನಕ, ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಿಂತೇ ಇದ್ದರು.